ಮೂರು ಹೆಸರಿನ ಹಡಗು

ನಮ್ಮ ಮನೆಯ ಮೊಗಸಾಲೆಯಲ್ಲಿ ಒಂದು ಅಲ್ಯೂಮಿನಿಯಮ್ಮಿನ ಕುರ್ಚಿಯಿದೆ. ಮೊಗಸಾಲೆಯೆಂದರೆ ಊರಿನ ಮನೆಯ ಮೊಗಸಾಲೆಯೆಂದು ವಾಚಕರು ತಿಳಿಯಬಾರದು. ಮುಂಬಯಿಯ ಎರಡು ಕೋಣೆಯ ಬಿಡಾರದಲ್ಲಿ ಬಾಗಿಲಿಗೂ ಕಪಾಟಿಗೂ ನಡುವೆ ಉಳಿದ ನಾಲ್ಕು ಮೊಳದ ಜಾಗ, ಅಷ್ಟೆ. ಕಚೇರಿಯ ಕೆಲಸದ ಮೇಲೆ ಭಾವನಗರಕ್ಕೆ ಹೋಗಿದ್ದಾಗ ಒಂದು ದಿನ ಬಿಡುವು ಸಿಕ್ಕಿತು. ಅಲ್ಲಿಯ ಗುಜರಾತಿ ಮಿತ್ರರೊಬ್ಬರು, "ಅಲಂಗ್ ನೋಡದೆ ಹೋಗುತ್ತೀರಾ?" ಎಂದು ನಮ್ಮನ್ನು ಎಳೆದುಕೊಂಡು ಹೋದರು. ಮುದಿಯಾದ ಹಡಗುಗಳನ್ನು ಒಡೆಯುವ ಕಡಲತೀರ ಅದು. ತೀರಕ್ಕೆ ಹೋಗುವ ದಾರಿಯ ಎರಡು ಬದಿಗೂ ಸಾಲುಸಾಲಾಗಿ ಅಂಗಡಿಗಳು. ಹಡಗುಗಳ ಹೊಟ್ಟೆಯಿಂದ ಬಗೆದು ತೆಗೆದ ಹಾಸಿಗೆ, ಬೇಸಿನು, ಬಾಗಿಲು, ಪಿಂಗಾಣಿ ಬಟ್ಟಲು, ಕಿತ್ತಳೆ ಬಣ್ಣದ ಜೀವರಕ್ಷಕ ಅಂಗಿ, ಆಳೆತ್ತರದ ತಂಪುಪೆಟ್ಟಿಗೆ, ಎಲ್ಲವೂ ಅಲ್ಲಿ ಮಾರಾಟಕ್ಕಿವೆ. ಅಂಥ ಒಂದು ಅಂಗಡಿಯವನು ಈ ಕುರ್ಚಿಯನ್ನು ತಟ್ಟಿ ತೋರಿಸಿ, "ಬ್ಲೂ ಲೇಡಿಯದು ಸಾಹೇಬ್, ಅಸಲಿ" ಎಂದ. ಒಂದೂವರೆ ಸಾವಿರದಿಂದ ಇಳಿದು ಏಳು ನೂರಕ್ಕೆ ಕೊಟ್ಟ.

ಮನೆಗೆ ತಂದಾಗ ನಮ್ಮ ಮನೆಯಾಕೆ ಅದನ್ನು ಮೇಲಿಂದ ಕೆಳಗೆ ನೋಡಿ, "ಅಲ್ಲ ಮಾರಾಯ್ರೆ, ಎರಡು ದಿನದ ಕ್ಯಾಂಪಿಗೆ ಹೋಗಿ ಕುರ್ಚಿ ಹೊತ್ತುಕೊಂಡು ಬಂದ್ರಾ? ಅದರಲ್ಲಿ ಯಾರೆಲ್ಲ ಕೂತಿದ್ರೋ ಏನೋ!" ಎಂದಳು.

ಯಾರು ಕೂತಿದ್ದರು ಎಂಬುದೇ ಈ ಲೇಖನದ ವಿಷಯ. ಬ್ಲೂ ಲೇಡಿ ಎಂಬ ಹಡಗು ಒಡೆದು ಮುಗಿದುದು 2008ರ ಸುಮಾರಿಗೆ. ಇಷ್ಟು ವರ್ಷವಾದ ಮೇಲೂ ಅದರ ಕುರ್ಚಿ ಆ ಅಂಗಡಿಯಲ್ಲಿ ಉಳಿದಿತ್ತೆಂದು ನಂಬುವಷ್ಟು ನಾವು ಮುಗ್ಧರಲ್ಲ. ಆದರೂ ಆ ಹೆಸರು ನಮ್ಮನ್ನು ಹಿಡಿದುಕೊಂಡಿತು. ನಾವು ಶಾಲೆಯಲ್ಲಿದ್ದಾಗ ಪತ್ರಿಕೆಯಲ್ಲಿ ಅದರ ಚಿತ್ರ ಕಂಡದ್ದು ನೆನಪಿತ್ತು: ಎರಡು ರೆಕ್ಕೆಯ ಚಿಮಣಿಗಳ ನೀಲಿ ಹಡಗು, ಕೆಸರಿನಲ್ಲಿ ಕುಳಿತಿದೆ. ಅಲ್ಲದೆ ನಮ್ಮ ಅಜ್ಜ ಮಂಗಳೂರಿನಿಂದ ಮುಂಬಯಿಗೆ ಬಂದುದು ಆಗಬೋಟಿನಲ್ಲಿ, ಡೆಕ್ಕಿನ ಟಿಕೀಟಿನ ಮೇಲೆ. ಹೀಗಾಗಿ ಹಡಗೆಂದರೆ ನಮಗೆ ಸ್ವಲ್ಪ ಮಮತೆ. ಕುರ್ಚಿಯ ಮೇಲೆ ಕುಳಿತೇ ಅದರ ಪೂರ್ವೋತ್ತರಗಳನ್ನು ಓದತೊಡಗಿದೆವು.

ಆ ಹಡಗಿನ ಮೊದಲ ಹೆಸರು 'ಫ್ರಾನ್ಸ್'. ದೇಶದ ಹೆಸರನ್ನೇ ಇಟ್ಟರೆಂದ ಮೇಲೆ ಆ ದೇಶದವರ ಅಭಿಮಾನವೆಷ್ಟಿದ್ದಿರಬೇಕು! 1960ರ ಮೇ 11ರಂದು ಸೆನ್ ನಾಜೇರ್ ಎಂಬಲ್ಲಿಯ ಹಡಗುಕಟ್ಟೆಯಿಂದ ಅದು ನೀರಿಗಿಳಿಯಿತು. ಅಧ್ಯಕ್ಷ ದ ಗಾಲ್ ಅವರೇ ಬಂದಿದ್ದರು. ನಾಮಕರಣ ಮಾಡಿದವರು ಅವರ ಪತ್ನಿ. ಉದ್ದ 1,035 ಅಡಿ. ಮುಂಬಯಿಯ ವಾಚಕರಿಗೆ ಹೇಳುವುದಾದರೆ, ಹೆಚ್ಚುಕಡಿಮೆ ಹದಿನೈದು ಡಬ್ಬಿಯ ಲೋಕಲ್ ಗಾಡಿಯಷ್ಟು. 2004ರಲ್ಲಿ 'ಕ್ವೀನ್ ಮೇರಿ 2' ಎಂಬ ಹಡಗು ಸಂಚಾರಕ್ಕೆ ಬರುವವರೆಗೆ ಅದಕ್ಕಿಂತ ಉದ್ದವಾದ ಪ್ರಯಾಣಿಕ ಹಡಗು ಲೋಕದಲ್ಲಿ ಇರಲಿಲ್ಲ. ಸುಮಾರು ಎರಡು ಸಾವಿರ ಪ್ರಯಾಣಿಕರು, ಅವರ ಸೇವೆಗೆ ಸಾವಿರದ ಮೇಲೆ ಸಿಬ್ಬಂದಿ. 1962ರ ಫೆಬ್ರವರಿಯಲ್ಲಿ ಲ ಹಾವ್ರ್ ಬಂದರಿನಿಂದ ನ್ಯೂಯಾರ್ಕಿಗೆ ಮೊದಲ ಯಾನ. ಅದೇ ವರ್ಷದ ಡಿಸೆಂಬರಿನಲ್ಲಿ ಲೂವ್ರ್ ಸಂಗ್ರಹಾಲಯದ ಮೋನಾ ಲೀಸಾ ಚಿತ್ರವನ್ನು ಅಮೆರಿಕದಲ್ಲಿ ಪ್ರದರ್ಶನಕ್ಕಿಡಲು ಒಯ್ದದ್ದು ಇದೇ ಹಡಗಿನಲ್ಲಿ. ಆ ಚಿತ್ರಕ್ಕಾಗಿಯೇ ಒಂದು ಮೊದಲ ದರ್ಜೆಯ ಕೋಣೆ! ನಮ್ಮಲ್ಲಿ ಉತ್ಸವಮೂರ್ತಿಗೆ ಪಲ್ಲಕ್ಕಿ ಕಟ್ಟಿದಂತೆ.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕತೆಯ ಗಂಟು ಬಿಚ್ಚುವುದು ಇದರಿಂದಲೇ. ಈ ಹಡಗಿಗೆ ಮೊದಲು ಫ್ರೆಂಚರ ಹೆಮ್ಮೆಯಾಗಿದ್ದುದು 'ನಾರ್ಮಂಡಿ' ಎಂಬ ಹಡಗು. ಯುದ್ಧಕಾಲದಲ್ಲಿ, 1942ರ ಫೆಬ್ರವರಿಯಲ್ಲಿ, ನ್ಯೂಯಾರ್ಕಿನ ಕಟ್ಟೆಯಲ್ಲಿ ಅದನ್ನು ಸೈನ್ಯದ ಸಾಗಣೆಗೆ ಮಾರ್ಪಡಿಸುತ್ತಿದ್ದಾಗ ಕಬ್ಬಿಣ ಕತ್ತರಿಸುವವರ ಕಿಡಿಯೊಂದು ಜೀವರಕ್ಷಕ ಅಂಗಿಗಳ ರಾಶಿಗೆ ಬಿದ್ದಿತು. ಬೆಂಕಿ ಹೊತ್ತಿತು. ಬೆಂಕಿಯನ್ನು ಆರಿಸಲು ಸುರಿದ ನೀರಿನ ಭಾರಕ್ಕೆ ಹಡಗು ಮಗ್ಗುಲಾಗಿ ಬಿದ್ದು ಹೋಯಿತು. ಬೆಂಕಿಯ ಆ ಭಯ ಮನಸ್ಸಿನಲ್ಲಿದ್ದವರು ಹೊಸ ಹಡಗಿನಲ್ಲಿ ಮರವನ್ನು ಆದಷ್ಟು ದೂರವಿಟ್ಟರು. ಮೇಜು ಕುರ್ಚಿಗಳು ಅಲ್ಯೂಮಿನಿಯಮ್ಮಿನವು. ಗೋಡೆಯ ಹಲಗೆಗಳಲ್ಲಿ, ಉಗಿಯ ಕೊಳವೆಗಳ ಸುತ್ತ, ಎಂಜಿನ್ ಕೋಣೆಯಲ್ಲಿ, ಎಲ್ಲೆಲ್ಲೂ ಬೆಂಕಿ ಮುಟ್ಟದ ಕಲ್ನಾರನ್ನು ತುಂಬಿದರು. ಇಂಗ್ಲಿಷಿನವರು ಆಸ್ಬೆಸ್ಟಾಸ್ ಎನ್ನುವುದು ಇದನ್ನೇ. ಪ್ರಯಾಣಿಕರ ಪ್ರಾಣರಕ್ಷಣೆಗೆಂದು ಮಾಡಿದ ಏರ್ಪಾಡು ಅದು. ಆ ಕಾಲಕ್ಕೆ ಅದೇ ಸರಿಯಾದ ಕೆಲಸವೆಂದು ಎಲ್ಲರೂ ಒಪ್ಪಿದ್ದರು.

ಆದರೆ ಹಡಗು ಹುಟ್ಟುವ ಮೊದಲೇ ಅದರ ಕಾಲ ಮುಗಿಯತೊಡಗಿತ್ತು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಸಾಗರವನ್ನು ದಾಟತೊಡಗಿದವು. ಐದು ದಿನದ ದಾರಿ ಕೆಲವೇ ಗಂಟೆಗಳ ದಾರಿಯಾಯಿತು. ಎಷ್ಟೇ ಒಳ್ಳೆಯ ಊಟವಿದ್ದರೂ ವ್ಯಾಪಾರಸ್ಥನಾದವನು ಐದು ದಿನ ಊಟ ಮಾಡುತ್ತ ಕೂರುವನೆ? ಸರ್ಕಾರ ವರ್ಷವರ್ಷವೂ ಸಹಾಯಧನ ಕೊಟ್ಟು ಹಡಗನ್ನು ಓಡಿಸಿತು. 1973ರಲ್ಲಿ ಎಣ್ಣೆಯ ಬೆಲೆ ಏರಿತು. 1974ರಲ್ಲಿ ಸರ್ಕಾರ ಕೈಬಿಟ್ಟಿತು. ಆ ಸೆಪ್ಟೆಂಬರಿನಲ್ಲಿ ಸಿಬ್ಬಂದಿಯವರು ಹಡಗನ್ನು ತಾವೇ ವಶಪಡಿಸಿಕೊಂಡು ಲ ಹಾವ್ರ್ ಬಂದರಿನ ಬಾಯಿಯಲ್ಲಿ ಲಂಗರು ಇಳಿಸಿ ನಿಲ್ಲಿಸಿಬಿಟ್ಟರು. ಸಾವಿರದ ಮೇಲಿದ್ದ ಪ್ರಯಾಣಿಕರನ್ನು ಬೇರೆ ಹಡಗಿನಲ್ಲಿ ದಡಕ್ಕೆ ಮುಟ್ಟಿಸಬೇಕಾಯಿತು. ಮುಷ್ಕರ ಕೆಲವು ವಾರ ನಡೆದು ಸೋತಿತು. ಆಮೇಲೆ ಹಡಗನ್ನು ಬಂದರಿನ ಒಂದು ಮೂಲೆಯ ಕಟ್ಟೆಗೆ ಕಟ್ಟಿದರು. ಆ ಕಟ್ಟೆಗೆ ಜನರು ಇಟ್ಟ ಹೆಸರು 'ಮರೆವಿನ ಕಟ್ಟೆ'. ಹೆಸರಿಗೆ ಮರೆವು, ಮರೆತವರು ಮಾತ್ರ ಯಾರೂ ಇರಲಿಲ್ಲ. 1975ರಲ್ಲಿ ಮಿಶೆಲ್ ಸಾರ್ದು ಎಂಬ ಗಾಯಕರು ಹಡಗೇ ತನ್ನ ಸಂಕಟವನ್ನು ಹೇಳಿಕೊಳ್ಳುವಂಥ ಒಂದು ಹಾಡು ಹಾಡಿದರು. ಅದು ದೇಶದ ತುಂಬ ಮನೆಮಾತಾಯಿತು. ಹಾಡು ಕೇಳಿ ಕಣ್ಣೀರು ಹಾಕಿದವರಲ್ಲಿ ಎಷ್ಟು ಮಂದಿ ವಿಮಾನದಲ್ಲಿ ಓಡಾಡುತ್ತಿದ್ದರೆಂಬ ಲೆಕ್ಕವನ್ನು ಯಾರೂ ಇಟ್ಟಿಲ್ಲ.

1977ರಲ್ಲಿ ಅಕ್ರಂ ಓಜ್ಜೆ ಎಂಬ ಸೌದಿ ಧನಿಕರು ಅದನ್ನು ಕೊಂಡು, ಅಮೆರಿಕದ ತೀರದಲ್ಲಿ ತೇಲುವ ವಸ್ತುಸಂಗ್ರಹಾಲಯ ಮಾಡುವೆನೆಂದರು. ಮಾಡಲಿಲ್ಲ. 1979ರಲ್ಲಿ ನಾರ್ವೆಯ ಕ್ನುಟ್ ಕ್ಲೋಸ್ಟರ್ ಎಂಬವರು 180 ಲಕ್ಷ ಡಾಲರಿಗೆ ಕೊಂಡು ಜರ್ಮನಿಯ ಬ್ರೆಮರ್‌ಹಾಫನ್ನಿಗೆ ಎಳೆದೊಯ್ದರು. ಎರಡನೆಯ ಹೆಸರು ಬಂದುದು ಆಗ: 'ನಾರ್ವೆ'. ವೇಗದ ಯಾನಕ್ಕೆ ಬೇಕಾಗಿದ್ದ ಅರ್ಧ ಎಂಜಿನ್ನನ್ನು ಸುಮ್ಮನಾಗಿಸಿ, ನಾಲ್ಕು ಚಕ್ರಗಳಲ್ಲಿ ಎರಡನ್ನು ಕಳಚಿ, 1980ರಿಂದ ಮಯಾಮಿಯಿಂದ ಕೆರಿಬಿಯನ್ ದ್ವೀಪಗಳಿಗೆ ವಿಹಾರಯಾತ್ರೆ ನಡೆಸಿದರು. ದ್ವೀಪಗಳ ಸಣ್ಣ ಬಂದರುಗಳಿಗೆ ಹಡಗು ಹಿಡಿಸುತ್ತಿರಲಿಲ್ಲ. ಆದುದರಿಂದ ಎರಡು ದೊಡ್ಡ ದೋಣಿಗಳನ್ನು ಮಡಿಲಲ್ಲಿಟ್ಟುಕೊಂಡು ಹೋಗಿ ಅವುಗಳಲ್ಲಿ ಜನರನ್ನು ದಡಕ್ಕಿಳಿಸುವ ವ್ಯವಸ್ಥೆ. ದೊಡ್ಡ ಹುದ್ದೆಯಲ್ಲಿದ್ದವರನ್ನು ತಾಲೂಕಿಗೆ ವರ್ಗ ಮಾಡಿದರೆ ಮೊದಮೊದಲು ಎಲ್ಲರೂ ಅಯ್ಯೋ ಎನ್ನುತ್ತಾರೆ. ಆಮೇಲೆ ನೋಡಿದರೆ ಅವರ ಬಾಳಿನ ಹೆಚ್ಚಿನ ಕಾಲ ಅಲ್ಲಿಯೇ, ಸುಖವಾಗಿಯೇ, ಕಳೆದಿರುತ್ತದೆ. ಈ ಹಡಗಿಗೂ ಹಾಗೆಯೇ ಆಯಿತು. ಫ್ರಾನ್ಸ್ ಎಂಬ ಹೆಸರಿನಲ್ಲಿ ದುಡಿದುದು 12 ವರ್ಷ, ನಾರ್ವೆ ಎಂಬ ಹೆಸರಿನಲ್ಲಿ 23 ವರ್ಷ.

2003ರ ಮೇ 25ರ ಬೆಳಗ್ಗೆ, ಮಯಾಮಿ ಬಂದರಿನಲ್ಲಿ ನಿಂತಿದ್ದಾಗ, ಹಡಗಿನ ಒಂದು ಬಾಯ್ಲರು ಸಿಡಿಯಿತು. ಎಂಟು ಮಂದಿ ಕೆಲಸಗಾರರು ಸತ್ತರು. ಪ್ರಯಾಣಿಕರಿಗೆ ಏನೂ ಆಗಲಿಲ್ಲ. ಬಾಯ್ಲರನ್ನು ನಡೆಸಿದ, ನೋಡಿಕೊಂಡ, ತಪಾಸಣೆ ಮಾಡಿದ ಕ್ರಮದಲ್ಲಿಯೇ ಕೊರತೆಯಿತ್ತೆಂದು ಅಮೆರಿಕದ ವಿಚಾರಣಾ ಮಂಡಳಿ ತೀರ್ಮಾನಿಸಿತು.

ಅಲ್ಲಿಂದ ಮುಂದಿನ ಕತೆಯನ್ನು ಓದುವಾಗ ನಮಗೆ ನಮ್ಮ ಕಚೇರಿಯೇ ಕಣ್ಣೆದುರಿಗೆ ಬಂತು. ಒಂದು ಫೈಲು ಇರುತ್ತದೆ. ಅದರ ಮೇಲೆ ತೀರ್ಮಾನ ಬರೆಯಲು ಯಾರಿಗೂ ಮನಸ್ಸಿಲ್ಲ. ಬರೆದರೆ ಹೊಣೆ ಬರುತ್ತದೆ. ಆದುದರಿಂದ ಅದು ಮೇಜಿನಿಂದ ಮೇಜಿಗೆ ಹೋಗುತ್ತಿರುತ್ತದೆ. ಪ್ರತಿಯೊಂದು ಮೇಜಿನಲ್ಲಿಯೂ ಒಂದು ಷರಾ ಬೀಳುತ್ತದೆ. ಮಯಾಮಿಯಿಂದ ಹಡಗನ್ನು ಪುನಃ ಬ್ರೆಮರ್‌ಹಾಫನ್ನಿಗೆ ಎಳೆದೊಯ್ದರು. ಅಲ್ಲಿ ಎರಡು ವರ್ಷದ ಹತ್ತಿರ ನಿಂತಿತು. ವಿಷಪದಾರ್ಥವುಳ್ಳ ತ್ಯಾಜ್ಯವನ್ನು ದೇಶದಿಂದ ದೇಶಕ್ಕೆ ಸಾಗಿಸುವುದನ್ನು ಹತೋಟಿಯಲ್ಲಿಡಲು 1989ರಲ್ಲಿ ಆದ ಬಾಸೆಲ್ ಒಪ್ಪಂದವೊಂದಿದೆ. ಒಡೆಯುವುದಕ್ಕೆಂದು ಹೊರಟರೆ ಹಡಗು ತ್ಯಾಜ್ಯ. ರಿಪೇರಿಗೆಂದು ಹೊರಟರೆ ಅದು ಹಡಗೇ. ಪೂರ್ವದೇಶದಲ್ಲಿ ರಿಪೇರಿಯಾಗಿ ಮತ್ತೆ ಓಡುವುದೆಂಬ ಮಾತಿನ ಮೇಲೆ 2005ರ ಮೇ ತಿಂಗಳಿನಲ್ಲಿ ಅದು ಜರ್ಮನಿಯನ್ನು ಬಿಟ್ಟು ಮಲೇಷ್ಯಾದ ಪೋರ್ಟ್ ಕ್ಲಾಂಗ್ ಸೇರಿತು. ಅಲ್ಲಿ ಕೆಲವು ತಿಂಗಳಿದ್ದು 2006ರಲ್ಲಿ ಗುಜರಿಗೆ ಮಾರಾಟವಾಯಿತು. ಮೂರನೆಯ ಹೆಸರು, 'ಬ್ಲೂ ಲೇಡಿ', ಬಿದ್ದುದು ಈಗ. ಕೊನೆಯ ದಾರಿಗೆ ಹೊರಟ ಹಡಗಿಗೆ ಹೀಗೆ ಒಂದು ತಾತ್ಕಾಲಿಕ ಹೆಸರನ್ನು ಬರೆಯುವುದು ಈ ವ್ಯಾಪಾರದಲ್ಲಿ ವಾಡಿಕೆ.

ಆ ಫೆಬ್ರವರಿಯಲ್ಲಿ ಬಾಂಗ್ಲಾದೇಶ ತನ್ನ ತೀರಕ್ಕೆ ಬೇಡವೆಂದಿತು. ಅದೇ ತಿಂಗಳು ಫ್ರಾನ್ಸಿನ 'ಕ್ಲೆಮಾನ್ಸೊ' ಎಂಬ ಯುದ್ಧನೌಕೆ ಅಲಂಗಿನ ಕಡೆಗೆ ಬರುತ್ತಿದ್ದಾಗ, ಅದರಲ್ಲಿಯ ಕಲ್ನಾರಿನ ವಿಷಯವಾಗಿ ಗಲಾಟೆಯೆದ್ದು, ಅಧ್ಯಕ್ಷ ಶಿರಾಕ್ ಅದನ್ನು ಹಿಂದಕ್ಕೆ ಕರೆಸಿಕೊಂಡಿದ್ದರು. ಯುದ್ಧನೌಕೆ ಸರ್ಕಾರದ ಸೊತ್ತು. ಕರೆಸಲು ಒಬ್ಬ ಯಜಮಾನನಿದ್ದ. ಫ್ರಾನ್ಸ್ ಎಂಬ ಹೆಸರಿನಿಂದ ಹುಟ್ಟಿದ ಈ ಹಡಗನ್ನು ಕರೆಯಲು ಯಾರೂ ಇರಲಿಲ್ಲ. ಒಂದು ಕಾಲಕ್ಕೆ ಮಗಳೆಂದು ಮೆರೆಸಿದವರು ಮದುವೆ ಮಾಡಿಕೊಟ್ಟ ಮೇಲೆ ನಮಗೆ ಸಂಬಂಧವಿಲ್ಲವೆಂದಂತಾಯಿತು.

ಸುಮಾರು 1,200 ಟನ್ನು ಕಲ್ನಾರು ಹೊತ್ತು ಅದು ಭಾರತದ ಹತ್ತಿರ ಬಂದಾಗ ಸರ್ವೋಚ್ಚ ನ್ಯಾಯಾಲಯದ ಮುಂದೆ ತಕರಾರು ಹೋಯಿತು. ಜೂನ್ ತಿಂಗಳು, ಮಳೆಗಾಲ ಮುಂದಿದೆ. ಸ್ವಂತ ಶಕ್ತಿಯಿಲ್ಲದ ಹಡಗು, ಮೇಲೆ ಮನುಷ್ಯರಿದ್ದಾರೆ. ಕಡಲಿನಲ್ಲಿ ಬಿಡುವುದು ಹೇಗೆ? ಮಾನವೀಯತೆಯ ದೃಷ್ಟಿಯಿಂದ ನಮ್ಮ ಜಲಸೀಮೆಯೊಳಗೆ ಬರಲು ನ್ಯಾಯಾಲಯ ಅನುಮತಿ ಕೊಟ್ಟಿತು. ಗುಜರಾತಿನ ಪಿಪಾವಾವ್ ಬಳಿ ಬಂದು ನಿಂತಿತು. ಅಲ್ಲಿಂದ ಹೊರಟು, 2006ರ ಆಗಸ್ಟ್ 15ರಂದು, ಊರೆಲ್ಲ ಧ್ವಜ ಹಾರಿಸುತ್ತಿದ್ದ ದಿನ, ಅಲಂಗಿನ ಮರಳನ್ನು ಏರಿತು.

ಏರಿತು ಎಂದರೆ ಏನೆಂಬುದನ್ನು ಆ ತೀರವನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ; ನೋಡದವರಿಗಾಗಿ ನಾಲ್ಕು ಮಾತು. ಖಂಭಾತ ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಹತ್ತು ಮೀಟರಿನ ಸುಮಾರು ಇರುತ್ತದೆ. ಮೂರು ಅಂತಸ್ತಿನ ಮನೆಯಷ್ಟು ನೀರು ಏರಿ ಇಳಿಯುತ್ತದೆ. ತೀರ ಬಹಳ ಓರೆಯಿಲ್ಲದ ಮರಳುಹಾಸು. ದೊಡ್ಡ ಉಬ್ಬರದಲ್ಲಿ ಹಡಗನ್ನು ನೇರವಾಗಿ ದಡಕ್ಕೆ ನುಗ್ಗಿಸುತ್ತಾರೆ. ನೀರು ಹಿಂದೆ ಸರಿದಾಗ ಅದು ಒಣಗಿದ ನೆಲದ ಮೇಲೆ ಕೂತಿರುತ್ತದೆ. ಕ್ರೇನು, ಗೋದಿ, ಒಣ ಹೊಂಡ ಯಾವುದೂ ಬೇಡ. ಚಂದ್ರನೇ ಕೂಲಿಯಿಲ್ಲದೆ ಎತ್ತಿಡುತ್ತಾನೆ. 1983ರಲ್ಲಿ ಅಲ್ಲಿ ಈ ಉದ್ಯೋಗ ಆರಂಭವಾದುದೇ ಈ ಕಾರಣದಿಂದ. ಬ್ಲೂ ಲೇಡಿಗೆ ಬಾಯ್ಲರಿನ ಬಲವಿರಲಿಲ್ಲ, ಟಗ್ಗುಗಳು ಎಳೆದು ತಂದವು. ಆದರೆ ಒಮ್ಮೆ ಹೀಗೆ ಕೂತ ಸಾವಿರ ಅಡಿಯ ಮುದಿ ಹಡಗನ್ನು ಪುನಃ ಎಬ್ಬಿಸಿ ತೇಲಿಸುವ ಮಾತು ಮಾತಾಗಿಯೇ ಉಳಿಯುತ್ತದೆ.

ಹೀಗೆ ಹಡಗು ಮರಳಿನಲ್ಲಿ ಕುಳಿತ ಮೇಲೆ, ಅದನ್ನು ಒಡೆಯಬಹುದೇ ಎಂಬ ವಿಚಾರಣೆ ಒಂದು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಪರಿಸರದವರು ವಾದಿಸಿದರು. ಸುತ್ತಲಿನ ಹಳ್ಳಿಗಳ ಪರವಾಗಿ ಒಬ್ಬ ಸರಪಂಚರು, ಕಲ್ನಾರಿನ ಧೂಳು ನಮ್ಮ ಗಾಳಿಗೆ ಬರುತ್ತದೆಂದು ಅರ್ಜಿ ಹಾಕಿಕೊಂಡರು. ಫ್ರಾನ್ಸಿನಲ್ಲಿ ಹಡಗಿನ ಅಭಿಮಾನಿಗಳು ಅದನ್ನು ಹೋಟೆಲನ್ನೋ ಮ್ಯೂಸಿಯಮ್ಮನ್ನೋ ಮಾಡಿ ಉಳಿಸಬಾರದೇ ಎಂದು ಹಂಬಲಿಸಿದರು. 2007ರ ಸೆಪ್ಟೆಂಬರ್ 11ರಂದು ನ್ಯಾಯಾಲಯ ಒಡೆಯಲು ಅನುಮತಿ ಕೊಟ್ಟಿತು. 700 ಮಂದಿಗೆ ಕೆಲಸ ಸಿಗುತ್ತದೆ, 41,000 ಟನ್ನು ಉಕ್ಕು ಬರುತ್ತದೆ; ಪರಿಸರವನ್ನೂ ಅಭಿವೃದ್ಧಿಯನ್ನೂ ತೂಗಿ ನೋಡಬೇಕು ಎಂಬುದು ತೀರ್ಪಿನ ಧಾಟಿ. ತಜ್ಞರ ಸಮಿತಿ ಹೇಳಿದ ಎಚ್ಚರಿಕೆಗಳನ್ನು ಪಾಲಿಸಬೇಕೆಂದೂ ವಿಧಿಸಿತು.

ತೀರ್ಪನ್ನು ಆಡಿಕೊಳ್ಳುವುದು ನಮ್ಮ ಉದ್ದೇಶವಲ್ಲ. ಸರ್ಕಾರಿ ಗುಮಾಸ್ತರಿಗೆ ಅದು ಶೋಭಿಸುವುದೂ ಇಲ್ಲ. ಕೆಲಸವೆಂಬುದು ಸಣ್ಣ ಮಾತಲ್ಲವೆಂಬುದು ಊರು ಬಿಟ್ಟು ಬಂದ ನಮಗೆ ತಿಳಿಯದ್ದೇ? ಆದರೂ ಒಂದು ಮಾತು ಹೇಳದಿರಲಾರೆವು. ನಿಜವಾದ ತೀರ್ಮಾನ ಆದುದು 2007ರ ಸೆಪ್ಟೆಂಬರಿನಲ್ಲಲ್ಲ. ಅದಕ್ಕೆ ಹದಿಮೂರು ತಿಂಗಳ ಹಿಂದೆ, ಉಬ್ಬರದ ನೀರಿನಲ್ಲಿ ಆಗಿಹೋಗಿತ್ತು. ಮಳೆಗೆ ನೆನೆಯುತ್ತಿದ್ದಾರೆಂದು ಒಳಗೆ ಕರೆದವರು ಕೋಣೆಯಲ್ಲಿ ಹಾಸಿಗೆ ಬಿಚ್ಚಿ ಮಲಗಿದ ಮೇಲೆ, ಇವರನ್ನು ಇರಗೊಡಬಹುದೇ ಎಂದು ಮನೆಯವರು ಸಭೆ ಕೂಡಿದಂತೆ. ಫ್ರಾನ್ಸಿನಲ್ಲಿ ಕಲ್ನಾರಿನ ಬಳಕೆಯನ್ನೇ 1997ರಲ್ಲಿ ನಿಷೇಧಿಸಿದ್ದರು. ಜರ್ಮನಿ, ಮಲೇಷ್ಯಾ, ಬಾಂಗ್ಲಾ, ಯಾವ ಮೇಜಿನಲ್ಲಿಯೂ ಯಾರೂ 'ಇದು ನಮ್ಮ ಹೊಣೆ' ಎಂಬ ಷರಾ ಬರೆಯಲಿಲ್ಲ. ಕೊನೆಗೆ ಆ ಫೈಲನ್ನು ಮುಚ್ಚಿದುದು ಯಾವ ಅಧಿಕಾರಿಯೂ ಅಲ್ಲ, ಗ್ಯಾಸಿನ ದೀಪ ಹಿಡಿದು ತಗಡು ಕೊಯ್ಯುವ ಕೂಲಿಯವನು.

ಅಲಂಗಿನ ದಾರಿಯ ಒಂದು ಚಹದಂಗಡಿಯಲ್ಲಿ ಅಂಥವರೊಬ್ಬರ ಜೊತೆ ನಾವು ಅರ್ಧ ಗಂಟೆ ಕುಳಿತೆವು. ವಯಸ್ಸು ನಲವತ್ತರ ಮೇಲೆ, ಒಡಿಶಾದವರು. ಅಲ್ಲಿಯ ಕೆಲಸಗಾರರಲ್ಲಿ ಬಹುಮಂದಿ ಒಡಿಶಾ, ಬಿಹಾರ, ಉತ್ತರ ಪ್ರದೇಶಗಳ ಕಡೆಯವರು. ನಾವು ಮಾತನಾಡಿಸಿದಾಗ ಅವರು ಮೊದಲು ಕೇಳಿದುದು, "ನೀವು ಎಲ್ಲಿಯವರು?" ಎಂದು. ಮುಂಬಯಿ ಎಂದೆವು. "ಅದಲ್ಲ, ಊರು?" ಎಂದರು. ಪರಸ್ಥಳದಲ್ಲಿರುವವರು ಮಾತ್ರ ಕೇಳುವ ಪ್ರಶ್ನೆ ಅದು. ಮಂಗಳೂರು ಕಡೆ ಎಂದಾಗ ತಲೆದೂಗಿದರು. ಬ್ಲೂ ಲೇಡಿಯ ಮೇಲೆ ಕೆಲಸ ಮಾಡಿದ್ದೀರಾ ಎಂದು ಕೇಳಿದೆವು. ಅವರು ಸ್ವಲ್ಪ ಯೋಚಿಸಿ, "ಹಡಗಿನ ಹೆಸರು ನಮಗೆಲ್ಲಿ ತಿಳಿಯುತ್ತದೆ? ಪ್ಲಾಟಿನ ನಂಬರು ತಿಳಿಯುತ್ತದೆ. ಎಷ್ಟೋ ಹಡಗು ಕೊಯ್ದಿದ್ದೇನೆ" ಎಂದರು. ಫ್ರಾನ್ಸಿನವರು ಹಾಡು ಕಟ್ಟಿ ಅತ್ತ ಹೆಸರು, ಕೊನೆಗೆ ಅದನ್ನು ಕೈಯಾರೆ ಕಳಚುವವರ ಬಳಿಗೆ ಬರುವಷ್ಟರಲ್ಲಿ ಒಂದು ಅಂಕಿಯಾಗಿತ್ತು.

ಅವರ ಎದೆಯ ಆರೋಗ್ಯವನ್ನು ವಿಚಾರಿಸಬೇಕೆಂದು ನಮಗೆ ಅನ್ನಿಸಿತ್ತು, ಬಾಯಿ ಬರಲಿಲ್ಲ. ಕಲ್ನಾರಿನ ಗುಣವೇ ಹಾಗೆ. ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶವನ್ನು ಹೊಕ್ಕು ಕುಳಿತರೆ ಕಾಯಿಲೆ ಮೇಲೆದ್ದು ಕಾಣಲು ಇಪ್ಪತ್ತು, ಮೂವತ್ತು, ಕೆಲವರಲ್ಲಿ ನಲವತ್ತು ವರ್ಷವೂ ಹಿಡಿಯುತ್ತದೆ. ಅಷ್ಟರಲ್ಲಿ ಆ ಮನುಷ್ಯ ಯಾವ ಊರಿಗೋ ಹಿಂದಿರುಗಿರುತ್ತಾನೆ. ಯಾವ ಹಡಗಿನಿಂದ ಬಂದುದೆಂದು ಯಾವ ಡಾಕ್ಟರು ಬರೆದಾನು? 2007-08ರಲ್ಲಿ ಈ ಹಡಗನ್ನು ಕೊಯ್ದವರ ಲೆಕ್ಕ ಇತ್ಯರ್ಥವಾಗಬೇಕಾದುದು 2030, 2040ರ ದಶಕಗಳಲ್ಲಿ. ನ್ಯಾಯವಾಗಿ ಹೇಳಬೇಕೆಂದರೆ, ಅಲಂಗ್ ಆಗಿನಂತೆ ಈಗಿಲ್ಲ. 2019ರಲ್ಲಿ ನಮ್ಮ ಸಂಸತ್ತು ಹಡಗು ಒಡೆಯುವುದರ ಬಗೆಗೇ ಒಂದು ಕಾಯಿದೆ ಮಾಡಿತು. ಹಡಗಿನಲ್ಲಿ ಯಾವ ವಿಷಪದಾರ್ಥ ಎಲ್ಲೆಲ್ಲಿದೆಯೆಂಬ ಪಟ್ಟಿಯನ್ನು ಹಡಗಿನ ಜೊತೆಯಲ್ಲಿಯೇ ಒಯ್ಯಬೇಕೆಂಬ ಹಾಂಗ್‌ಕಾಂಗ್ ಒಪ್ಪಂದ 2025ರ ಜೂನ್ 26ರಂದು ಜಾರಿಗೆ ಬಂದಿತು. ಬ್ಲೂ ಲೇಡಿಯ ಪಾಲಿಗೆ ಇವೆಲ್ಲ ತಡವಾದವು.

ಹಡಗನ್ನು ಉಳಿಸಬಹುದಾಗಿತ್ತೇ? ಉಳಿಸಿದ ಉದಾಹರಣೆಗಳಿವೆ. ಇಂಗ್ಲೆಂಡಿನ 'ಕ್ವೀನ್ ಮೇರಿ' ಹಡಗನ್ನು 1967ರಲ್ಲಿ ಅಮೆರಿಕದ ಲಾಂಗ್ ಬೀಚ್ ನಗರ ಕೊಂಡು ದಡದಲ್ಲಿ ನಿಲ್ಲಿಸಿತು. ಅದರ ದುರಸ್ತಿಯ ಖರ್ಚು ಆ ನಗರಕ್ಕೆ ಎಂದೂ ಮುಗಿಯದ ತಲೆನೋವು. ಅಮೆರಿಕದವರ ಸ್ವಂತ ಹೆಮ್ಮೆಯಾದ 'ಯುನೈಟೆಡ್ ಸ್ಟೇಟ್ಸ್' ಎಂಬ ಹಡಗು, 1952ರಲ್ಲಿ ಅಟ್ಲಾಂಟಿಕ್ಕಿನ ವೇಗದ ದಾಖಲೆ ಮಾಡಿದ್ದು, 1996ರಿಂದ ಫಿಲಡೆಲ್ಫಿಯಾದ ಕಟ್ಟೆಯಲ್ಲಿ ತುಕ್ಕು ಹಿಡಿಯುತ್ತ ನಿಂತಿತ್ತು. ಕಟ್ಟೆಯ ಬಾಡಿಗೆಯ ವ್ಯಾಜ್ಯದಲ್ಲಿ ಅದು ಅಲ್ಲಿಂದ ಹೊರಡಬೇಕೆಂದು 2024ರಲ್ಲಿ ತೀರ್ಪಾಯಿತು. ಮೀನುಗಳಿಗೂ ಮುಳುಗುಗಾರರಿಗೂ ಆಸರೆಯಾಗಲೆಂದು ಸಮುದ್ರದಲ್ಲಿ ಮುಳುಗಿಸುವುದಕ್ಕೆ ಫ್ಲೋರಿಡಾದ ಒಂದು ಜಿಲ್ಲೆ ಅದನ್ನು ಕೊಂಡಿತು. ಮನುಷ್ಯನು ಇಷ್ಟು ದೊಡ್ಡದಾಗಿ ಕಟ್ಟಿದುದನ್ನು ಇಟ್ಟುಕೊಳ್ಳುವುದು ಕಟ್ಟುವುದಕ್ಕಿಂತ ಕಷ್ಟವೆಂದು ತೋರುತ್ತದೆ.

ಫ್ರಾನ್ಸಿಗೆ ಅದರ ಹಡಗಿನ ಒಂದು ತುಣುಕು ಮರಳಿತು. ಒಡೆಯುವಾಗ ಮೂತಿಯ ತುದಿಯನ್ನು ಕತ್ತರಿಸಿ ಜೋಪಾನವಾಗಿಟ್ಟಿದ್ದರು. 2009ರಲ್ಲಿ ಪ್ಯಾರಿಸ್ಸಿನಲ್ಲಿ ಅದನ್ನು ಹರಾಜಿಗಿಟ್ಟಾಗ ಎರಡೂವರೆ ಲಕ್ಷ ಯೂರೋಗಿಂತ ಹೆಚ್ಚಿಗೆ ಹೋಯಿತಂತೆ. 2018ರಲ್ಲಿ ಆ ಮೂಗನ್ನು ಲ ಹಾವ್ರ್ ಬಂದರಿಗೆ ತಂದು ನಿಲ್ಲಿಸಿದರು. ಉಳಿದ ಉಕ್ಕು ಗುಜರಾತಿನ ಗಿರಣಿಗಳಲ್ಲಿ ಕಾದು ಸಲಾಕೆಯಾಗಿ ಯಾವ ಯಾವ ಮನೆಗಳ ಕಂಬಗಳಲ್ಲಿ ಸೇರಿದೆಯೋ, ಹೇಳುವವರಿಲ್ಲ. ಯಾರಿಗೆ ಗೊತ್ತು, ಈ ಸಂಚಿಕೆಯನ್ನು ಓದುತ್ತಿರುವ ಅಹಮದಾಬಾದಿನ ವಾಚಕರೊಬ್ಬರ ತಲೆಯ ಮೇಲೆಯೇ ಅದರ ಒಂದು ಗೇಣು ಇದ್ದೀತು.

ಕುರ್ಚಿಯ ವಿಷಯಕ್ಕೆ ಬರುವುದಾದರೆ, ಓದಿ ಮುಗಿಸಿದ ಮೇಲೆ ನಾವು ಅದನ್ನು ತಲೆಕೆಳಗೆ ಮಾಡಿ ಪರೀಕ್ಷಿಸಿದೆವು. ಫ್ರೆಂಚ್ ಅಕ್ಷರ ಏನಾದರೂ ಇದ್ದೀತೆಂಬ ಆಸೆ. ಏನೂ ಇರಲಿಲ್ಲ. ಸುಣ್ಣದ ಕಡ್ಡಿಯಿಂದ ಬರೆದ ಒಂದು ನಂಬರು, ಅರ್ಧ ಅಳಿಸಿದ್ದು. ನಮ್ಮ ಮಗ ಈಗ ಅದರಲ್ಲಿ ಕುಳಿತು ಮಗ್ಗಿ ಬರೆಯುತ್ತಾನೆ. ಮೊನ್ನೆ ಸಂಘದವರೊಬ್ಬರು ಮನೆಗೆ ಬಂದಿದ್ದಾಗ, ಕುರ್ಚಿ ವಿಚಿತ್ರವಾಗಿದೆಯಲ್ಲ, ಎಲ್ಲಿಯದು ಎಂದು ವಿಚಾರಿಸಿದರು. ಮನೆಯಾಕೆ ಚಹದ ಲೋಟ ಮುಂದಿಡುತ್ತ, "ಫ್ರಾನ್ಸಿಂದು" ಎಂದಳು. ಅದೇ ಹೊತ್ತಿಗೆ ನಾವು "ಅಲಂಗಿನದು" ಎಂದೆವು. ಬಂದವರು ಇಬ್ಬರ ಮುಖವನ್ನೂ ನೋಡಿ ಚಹ ಕುಡಿದರು.